ಅಜ್ಜಿಯ ಮುಡಿಪು ಡಬ್ಬಿಯ ಹಳೇ ದುಡ್ಡು: ಯಾವುದು ಎಲ್ಲಿ ನಡೆಯುತ್ತದೆ, ಎಷ್ಟು ಸಿಗುತ್ತದೆ?

ಪೆರ್ಲದ ತೋಟ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ನಮ್ಮ ಹಳೇ ಮನೆಯ ಮಾಡು ಬಿಚ್ಚುವ ಕೆಲಸ ನಡೆಯುತ್ತಾ ಉಂಟು. ದೇವರ ಕೋಣೆಯ ಅಟ್ಟದಲ್ಲಿ ಅಜ್ಜಿಯ ತಿರುಪತಿ ಮುಡಿಪು ಡಬ್ಬಿ ಸಿಕ್ಕಿತು. ಅಜ್ಜಿ ತೀರಿಹೋದ ಮೇಲೆ ಅಮ್ಮನೂ ಅದಕ್ಕೇ ಹಾಕುತ್ತಾ ಇದ್ದರಂತೆ. ಆಮೇಲೆ ಎಲ್ಲರೂ ಮರೆತರು.

ಒಳಗೆ ಸಿಕ್ಕಿದ್ದು ಇಷ್ಟು. ಹಳೇ 500ರ ನೋಟು 13. ಗುಲಾಬಿ 2000 ಒಂದು. ನೂರರ ನೋಟು ಕೆಲವು, ಅದರಲ್ಲಿ ಮೂರನ್ನು ಗೆದ್ದಲು ತಿಂದಿದೆ. ಒಂದು, ಎರಡು ರೂಪಾಯಿಯ ಕಾಗದದ ನೋಟುಗಳು. ಐದು ಪೈಸೆ, ಹತ್ತು ಪೈಸೆ, ಪಾವಲಿ (25 ಪೈಸೆ), ಎಂಟಾಣೆ (50 ಪೈಸೆ) ಎಲ್ಲ ಸೇರಿ ಒಂದು ಸೇರಿನಷ್ಟು ಚಿಲ್ಲರೆ. ಒಟ್ಟೆ ಮುಕ್ಕಾಲು, ಅಂದರೆ ನಡುವೆ ತೂತು ಇರುವ ಹಳೇ ಕಾಸು, ಒಂದು ಹಿಡಿ. ಬೆಳ್ಳಿ ರೂಪಾಯಿ ನಾಲ್ಕು, ಅದರಲ್ಲಿ ಎರಡಕ್ಕೆ ಕೊಂಡಿ ಬೆಸೆದ ಗುರುತು ಉಂಟು. ಮತ್ತೆ ಒಂದು ಲಕೋಟೆಯಲ್ಲಿ ಹಸಿರು ಬಣ್ಣದ ನೂರರ ನೋಟು. ಅಂಥದ್ದನ್ನು ನಾನು ಈವರೆಗೆ ನೋಡಿಲ್ಲ. ಅಜ್ಜಿಯ ಅಣ್ಣ ಬಹರೈನ್‌ನಲ್ಲಿ ಇದ್ದವರು, ಲಕೋಟೆಯ ಮೇಲೆ ಅವರ ಅಕ್ಷರ.

ಇದರಲ್ಲಿ ಯಾವುದನ್ನು ಬ್ಯಾಂಕಿಗೆ ಕೊಡಬಹುದು? ಯಾವುದಕ್ಕೆ ಬೆಲೆ ಉಂಟು? ದೇವರಿಗೆ ಎಂದು ಎತ್ತಿಟ್ಟದ್ದು ಬೇರೆ. ಗೊತ್ತಿರುವವರು ಹೇಳಿ ಮಾರಾಯ್ರೆ.

ಉಪ್ಪಳ ಹುಡುಗ

ಅಣ್ಣಾ ನೀವು ಲಕ್ಷಾಧಿಪತಿ! ಐದು ಪೈಸೆ ನಾಣ್ಯಕ್ಕೆ ಎರಡು ಲಕ್ಷ ಅಂತ ಈಗಷ್ಟೇ ವಿಡಿಯೋ ನೋಡಿದೆ. ಟ್ರ್ಯಾಕ್ಟರ್ ಚಿತ್ರದ ಐದರ ನೋಟಿಗೂ ಅಷ್ಟೇ. 786 ನಂಬರಿನ ನೋಟು ಉಂಟಾ ನೋಡಿ.

ಕ್ಯಾಷಿಯರ್ ಕುಂಬಳೆ

ತಮ್ಮಾ, ಆ ವಿಡಿಯೋದ ಕೆಳಗೆ ಒಂದು ಫೋನ್ ನಂಬರ್ ಇರುತ್ತದೆ, ಅಲ್ವಾ? ಅದನ್ನು ಮುಟ್ಟಬೇಡ. ಅದರ ಕತೆ ಆಮೇಲೆ ಹೇಳ್ತೇನೆ.

ಪೆರ್ಲದವರೇ, ನಾನು ಬ್ಯಾಂಕಿನ ಕೌಂಟರಿನಲ್ಲೇ ಕೂದಲು ಹಣ್ಣು ಮಾಡಿಕೊಂಡವ. ಒಂದೊಂದಾಗಿ ಹೇಳ್ತೇನೆ. ನಿಮ್ಮ ಡಬ್ಬಿಯಲ್ಲಿ ಇರುವುದೆಲ್ಲ ಹಳೇ ದುಡ್ಡೇ, ಆದರೆ ಎಲ್ಲವೂ ಒಂದೇ ರೀತಿ ಹಳತಾದದ್ದಲ್ಲ. ಕೆಲವನ್ನು ಸರ್ಕಾರ ರದ್ದು ಮಾಡಿದೆ. ಕೆಲವನ್ನು ಬರೀ ಅಚ್ಚು ಹಾಕುವುದು ನಿಲ್ಲಿಸಿದೆ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಗಲಾಟೆ ಎಲ್ಲ ಅಲ್ಲಿಂದಲೇ ಶುರು.

500ರ ನೋಟು ಮೊದಲು. 2016ರ ನವೆಂಬರ್ 8ರ ರಾತ್ರಿ ರದ್ದಾದದ್ದು ಇವೇ. ಖಾತೆಗೆ ಕಟ್ಟಲು ಡಿಸೆಂಬರ್ 30ರವರೆಗೆ ಅವಕಾಶ ಇತ್ತು. ಆಗ ವಿದೇಶದಲ್ಲಿ ಇದ್ದವರಿಗೆ ಮಾತ್ರ 2017ರಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಟ್ಟಿದ್ದರು, ಅದೂ ರಿಸರ್ವ್ ಬ್ಯಾಂಕಿನಲ್ಲಿ. ಈಗ ಯಾವ ಬ್ಯಾಂಕೂ ಮುಟ್ಟುವುದಿಲ್ಲ, ರಿಸರ್ವ್ ಬ್ಯಾಂಕೂ ಇಲ್ಲ. ನಿಮ್ಮ 6,500 ರೂಪಾಯಿ ಹೋಯಿತು ಎಂದೇ ಲೆಕ್ಕ.

ಅದಕ್ಕಿಂತ ದೊಡ್ಡ ವಿಷಯ ಬೇರೆ ಉಂಟು. 2017ರಲ್ಲಿ ಇದಕ್ಕೇ ಒಂದು ಕಾಯ್ದೆ ಬಂತು. ರದ್ದಾದ 500, 1000 ಎರಡೂ ಸೇರಿ ಒಬ್ಬರ ಹತ್ತಿರ ಹತ್ತು ನೋಟಿಗಿಂತ ಜಾಸ್ತಿ ಇರುವ ಹಾಗಿಲ್ಲ. ಅಧ್ಯಯನ, ಸಂಶೋಧನೆ, ನಾಣ್ಯ ಸಂಗ್ರಹ ಮಾಡುವವರಿಗೆ 25ರವರೆಗೆ ವಿನಾಯಿತಿ. ಮೀರಿದರೆ ದಂಡ ಹತ್ತು ಸಾವಿರ, ಇಲ್ಲವೇ ನೋಟಿನ ಮುಖಬೆಲೆಯ ಐದು ಪಟ್ಟು, ಯಾವುದು ಜಾಸ್ತಿಯೋ ಅದು. ನಿಮ್ಮದು 13. ಐದು ಪಟ್ಟು ಅಂದರೆ 32,500. ನೋಡಿದಿರಲ್ಲ, ಬೆಲೆಯೇ ಇಲ್ಲದ ನೋಟಿಗೆ ದಂಡ ಮಾತ್ರ ಚಾಲ್ತಿಯಲ್ಲಿ ಉಂಟು.

ಪೆರ್ಲದ ತೋಟ

ಅಯ್ಯೋ ದೇವರೇ. ಹಾಗಾದರೆ ಮೂರು ನೋಟು ತಮ್ಮನಿಗೆ ಕೊಟ್ಟುಬಿಡಲಾ?

ಕ್ಯಾಷಿಯರ್ ಕುಂಬಳೆ

ಕೊಡುವುದು, ಪಡೆಯುವುದು ಎರಡೂ ಅದೇ ಸೆಕ್ಷನ್‌ನಲ್ಲಿ ಬರುತ್ತದೆ. ಅಣ್ಣ ತಮ್ಮಂದಿರ ಮಧ್ಯೆ ಮೂರು ನೋಟಿಗೆ ಪೊಲೀಸು ಬರುವುದಿಲ್ಲ, ಅದು ಬೇರೆ ಮಾತು. ನಾನಾದರೆ ಹತ್ತು ಇಟ್ಟುಕೊಂಡು ಮೂರನ್ನು ಒಲೆಗೆ ಹಾಕುತ್ತಿದ್ದೆ.

ಅಡಿಕೆ ಅಂಗಡಿ ಬದಿಯಡ್ಕ

ಆ ನವೆಂಬರ್ ನೆನಪು ಮಾಡಬೇಡಿ. ನಮ್ಮ ಕಡೆ ಜನರ ಉಳಿತಾಯ ಎಲ್ಲ ಇದ್ದದ್ದು ಸಹಕಾರಿ ಸೊಸೈಟಿಯಲ್ಲಿ. ಪ್ಯಾಟೆಯ ದೊಡ್ಡ ಬ್ಯಾಂಕಿನಲ್ಲಿ ಖಾತೆ ಇದ್ದವರೇ ಕಮ್ಮಿ. ನವೆಂಬರ್ 14ಕ್ಕೆ ಜಿಲ್ಲಾ ಸಹಕಾರಿ ಬ್ಯಾಂಕುಗಳೂ ಹಳೇ ನೋಟು ತೆಗೆದುಕೊಳ್ಳಬಾರದು ಅಂತ ರಿಸರ್ವ್ ಬ್ಯಾಂಕಿನ ಆದೇಶ ಬಂತು. ಅಡಿಕೆ ತಂದವರಿಗೆ ಕೊಡಲು ಹೊಸ ನೋಟಿಲ್ಲ, ಹಳತನ್ನು ಕೊಟ್ಟರೆ ಅವರು ಎಲ್ಲಿ ಹಾಕುವುದು? ಕೇರಳದ ಮುಖ್ಯಮಂತ್ರಿಯೇ ಮಂತ್ರಿಗಳನ್ನು ಕರಕೊಂಡು ತಿರುವನಂತಪುರದ ರಿಸರ್ವ್ ಬ್ಯಾಂಕ್ ಎದುರು ಸತ್ಯಾಗ್ರಹ ಕೂತದ್ದು ಇದಕ್ಕೇ.

ನಮ್ಮ ಅಂಗಡಿಯ ಹಳೇ ಚೀಟಿ ಪುಸ್ತಕದಲ್ಲಿ ಆ ಎರಡು ತಿಂಗಳು ಬರೀ 'ಬಾಕಿ, ಬಾಕಿ' ಅಂತಲೇ ಉಂಟು.

ಬೋವಿಕ್ಕಾನ ಟೀಚರ್

ಇದರ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2023ರ ಜನವರಿ 2ಕ್ಕೆ. ಐವರಲ್ಲಿ ನಾಲ್ವರು ನೋಟು ರದ್ದತಿ ಸರಿ ಅಂದರು. ಬೇರೆ ಅಭಿಪ್ರಾಯ ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ. ಇಂಥದ್ದನ್ನು ಸಂಸತ್ತಿನ ಕಾನೂನಿನ ಮೂಲಕ ಮಾಡಬೇಕಿತ್ತು, ಬರೀ ಅಧಿಸೂಚನೆಯಿಂದ ಅಲ್ಲ ಅನ್ನುವುದು ಅವರ ವಾದ. ನನಗೆ ಅದು ಸರಿ ಕಂಡಿತ್ತು. ಆದರೆ ಪೆರ್ಲದ ಅಣ್ಣನ 500ಕ್ಕೆ ಅದರಿಂದ ಏನೂ ಆಗುವುದಿಲ್ಲ.

ಕ್ಯಾಷಿಯರ್ ಕುಂಬಳೆ

ಈಗ 2000ದ ನೋಟು. ಇದರಲ್ಲಿ ನೀವು ಬಚಾವ್. 2023ರ ಮೇ 19ಕ್ಕೆ ಇದನ್ನು ಹಿಂದೆ ತೆಗೆದುಕೊಂಡರೇ ಹೊರತು ರದ್ದು ಮಾಡಲಿಲ್ಲ. ಇವತ್ತಿಗೂ ಕಾನೂನು ಪ್ರಕಾರ ಅದು ಹಣವೇ. ಮೊದಲು ಸೆಪ್ಟೆಂಬರ್ 30ರ ಗಡುವು ಇತ್ತು, ಆಮೇಲೆ ಅಕ್ಟೋಬರ್ 7ಕ್ಕೆ ಮುಂದೆ ಹಾಕಿದರು. ಅಲ್ಲಿಂದ ಮೇಲೆ ಊರಿನ ಬ್ಯಾಂಕ್ ತೆಗೆದುಕೊಳ್ಳುವುದಿಲ್ಲ, ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಮಾತ್ರ. ನಮಗೆ ಲೆಕ್ಕಕ್ಕೆ ಬರುವುದು ಎರಡು, ಬೆಂಗಳೂರು ಮತ್ತು ತಿರುವನಂತಪುರ. ಕೊಚ್ಚಿ ಆ ಪಟ್ಟಿಯಲ್ಲಿ ಇಲ್ಲ, ಸುಮ್ನೆ ಹೋಗಿ ವಾಪಸ್ ಬರಬೇಡಿ.

ಮುಳ್ಳೇರಿಯ ಕಿರಾಣಿ

ಎರಡು ಸಾವಿರಕ್ಕೆ ಬೆಂಗಳೂರಿಗೆ ಹೋಗುವುದಾ? ಕಣ್ಣೂರಿನಿಂದ ಬರುವ ರಾತ್ರಿ ರೈಲಿನಲ್ಲಿ ಕಾಸರಗೋಡಿನಲ್ಲಿ ಹತ್ತಿ, ಬೆಳಿಗ್ಗೆ ಇಳಿದು, ನೃಪತುಂಗ ರಸ್ತೆಗೆ ಆಟೋ ಮಾಡಿ, ಮಧ್ಯಾಹ್ನ ಊಟ ಮಾಡಿ ಬರುವಾಗ ನೋಟಿನಲ್ಲಿ ಉಳಿಯುವುದು ಮಂಗಳಯಾನದ ಚಿತ್ರ ಮಾತ್ರ.

ಕ್ಯಾಷಿಯರ್ ಕುಂಬಳೆ

ಹೋಗಬೇಕಾಗಿಲ್ಲ ಮಾರಾಯ್ರೆ. ಅಂಚೆಯಲ್ಲಿ ಕಳಿಸಬಹುದು, ಅದಕ್ಕೆ ರಿಸರ್ವ್ ಬ್ಯಾಂಕೇ ವ್ಯವಸ್ಥೆ ಮಾಡಿದೆ. ಅರ್ಜಿ ತುಂಬಿ, ಗುರುತಿನ ಚೀಟಿಯ ಪ್ರತಿ, ಬ್ಯಾಂಕ್ ಖಾತೆಯ ವಿವರ ಇಟ್ಟು, ಪೋಸ್ಟ್ ಆಫೀಸಿನಿಂದ ವಿಮೆ ಮಾಡಿಸಿದ ಅಂಚೆಯಲ್ಲಿ ಕಳಿಸಿ. ನಗದು ಕೈಗೆ ಬರುವುದಿಲ್ಲ, ಖಾತೆಗೆ ಜಮಾ ಆಗುತ್ತದೆ. ಸಾದಾ ಲಕೋಟೆಯಲ್ಲಿ ಮಾತ್ರ ಹಾಕಬೇಡಿ. ನೋಟಿನ ನಂಬರನ್ನು ಬರೆದಿಟ್ಟುಕೊಳ್ಳಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಗೆದ್ದಲು ತಿಂದ ನೂರಕ್ಕೆ ಎಲ್ಲಿಗೂ ಹೋಗುವುದು ಬೇಡ. ಯಾವ ಬ್ಯಾಂಕಿನ ಯಾವ ಶಾಖೆಯಾದರೂ ಸರಿ, ನಿಮ್ಮ ಖಾತೆ ಇಲ್ಲದಿದ್ದರೂ ಸರಿ, ತೆಗೆದುಕೊಳ್ಳಲೇಬೇಕು. ಲೆಕ್ಕ ಹೀಗೆ: 50 ಮತ್ತು ಅದಕ್ಕಿಂತ ದೊಡ್ಡ ನೋಟಿನಲ್ಲಿ, ಉಳಿದ ಅತಿ ದೊಡ್ಡ ತುಂಡು ಪೂರ್ತಿ ನೋಟಿನ 80 ಶೇಕಡಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಹಣ. 40ರಿಂದ 80 ಇದ್ದರೆ ಅರ್ಧ. 40ಕ್ಕಿಂತ ಕಮ್ಮಿ ಆದರೆ ಏನೂ ಇಲ್ಲ. ಇಪ್ಪತ್ತು ರೂಪಾಯಿವರೆಗಿನ ಸಣ್ಣ ನೋಟಿಗೆ ಅರ್ಧ ಅನ್ನುವುದೇ ಇಲ್ಲ. 50 ಶೇಕಡ ದಾಟಿದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಗೆದ್ದಲು ಅಂಚಿನಿಂದ ತಿನ್ನುತ್ತಾ ಬಂದಿದ್ದರೆ ಪೂರ್ತಿ ಸಿಗುವ ಸಂಭವ ಉಂಟು.  ಒಂದು ಮಾತು, ಗಮ್ ಟೇಪ್ ಅಂಟಿಸಬೇಡಿ. ಹಾಗೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ತನ್ನಿ.

ಉಳಿದ ನೂರರ ನೋಟು ತಿರುಗಿಸಿ ನೋಡಿ. ಹಿಂಬದಿಯ ಕೆಳಗೆ ನಡುವಿನಲ್ಲಿ ಇಸವಿ ಇಲ್ಲದಿದ್ದರೆ ಅದು 2005ಕ್ಕಿಂತ ಮೊದಲಿನದು. ಅವನ್ನು 2014ರಿಂದ ಹಿಂದೆ ಪಡೆಯುತ್ತಾ ಬಂದರು, ಗಡುವು ನಾಲ್ಕು ಸಲ ಮುಂದೆ ಹೋಗಿ 2016ರ ಜೂನ್‌ಗೆ ನಿಂತಿತು. ಆದರೆ ನೂರರ ನೋಟಿನ ಮಾನ್ಯತೆ ಹೋಗಿಲ್ಲ.

ಉಪ್ಪಳ ಹುಡುಗ

ಹಳೇ ನೂರು ಬಂದ್ ಆಗ್ತದೆ ಅಂತ ಆವತ್ತು ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ?

ಕ್ಯಾಷಿಯರ್ ಕುಂಬಳೆ

ಬಂದಿತ್ತು. ಅದು ಹುಟ್ಟಿದ್ದೇ ನಮ್ಮ ಪಕ್ಕದ ಮಂಗಳೂರಿನಲ್ಲಿ. 2021ರ ಜನವರಿಯಲ್ಲಿ ಅಲ್ಲಿ ನಡೆದ ಬ್ಯಾಂಕಿನವರ ಒಂದು ಸಭೆಯಲ್ಲಿ ಬಂದ ಮಾತು ದೇಶವೆಲ್ಲ ಸುತ್ತಿತು. ಕೆಲವೇ ದಿನಗಳಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಅಲ್ಲಗಳೆಯಿತು. ಅಷ್ಟರಲ್ಲಿ ಕುಂಬಳೆ ಮೀನು ಮಾರ್ಕೆಟ್ಟಿನಲ್ಲಿ ಹಳೇ ನೂರು ಕೊಟ್ಟರೆ ಬಂಗುಡೆ ವಾಪಸ್ ಬುಟ್ಟಿಗೆ ಹೋಗುತ್ತಿತ್ತು.

ನಾಣ್ಯ ಮಾಷ್ಟ್ರು ನೀರ್ಚಾಲು

ಈಗ ನಾನು ಬಾಯಿ ಹಾಕಬಹುದಲ್ಲ? ನಿವೃತ್ತಿಯ ಮೊದಲೇ ಹಿಡಿದ ಹುಚ್ಚು ಇದು.

ಮೊದಲು ಚಿಲ್ಲರೆ. ಪಾವಲಿ ಮತ್ತು ಅದಕ್ಕಿಂತ ಕೆಳಗಿನದ್ದೆಲ್ಲ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಅದರ ಹಿಂದಿನ ದಿನದವರೆಗೆ ಬ್ಯಾಂಕಿನಲ್ಲಿ ಬದಲಿಸಬಹುದಿತ್ತು. ಎಂಟಾಣೆ ಇವತ್ತಿಗೂ ಜೀವಂತ ಉಂಟು. ಯಾರೂ ತೆಗೆದುಕೊಳ್ಳುವುದಿಲ್ಲ ಅಷ್ಟೇ.

ಐದು ಪೈಸೆಗೆ ಎರಡು ಲಕ್ಷ ಅನ್ನುವವರಿಗೆ ಒಂದೇ ಪ್ರಶ್ನೆ. ಊದಿದರೆ ಹಾರಿಹೋಗುವ ಆ ಚೌಕದ ಅಲ್ಯೂಮಿನಿಯಂ ಬಿಲ್ಲೆಯನ್ನು ಟಂಕಸಾಲೆಗಳು ವರ್ಷ ವರ್ಷವೂ ಕೋಟಿಗಟ್ಟಲೆ ಒತ್ತಿವೆ. ಪ್ರತಿ ಮನೆಯ ಡಬ್ಬಿಯಲ್ಲೂ ಇರುವ ವಸ್ತುವಿಗೆ ಯಾರು ಲಕ್ಷ ಕೊಡುತ್ತಾರೆ? ಸಂಗ್ರಹಕಾರರು ಹುಡುಕುವುದು ಕೆಲವು ಇಸವಿ, ಕೆಲವು ಟಂಕಸಾಲೆಯ ಜೋಡಿಯನ್ನು. ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ಸಣ್ಣ ವಜ್ರದ ಆಕಾರ ಇದ್ದರೆ ಮುಂಬೈ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡು ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕಲ್ಕತ್ತಾ. ಇಷ್ಟು ಗೊತ್ತಾದರೆ ಅರ್ಧ ಮೋಸದಿಂದ ಪಾರು.

ಹಿತ್ತಾಳೆ ಬಣ್ಣದ, ತಾವರೆ ಇರುವ ಇಪ್ಪತ್ತು ಪೈಸೆ ಇದ್ದರೆ ಬದಿಗಿಡಿ. 1968ರಿಂದ ನಾಲ್ಕೈದು ವರ್ಷ ಬಂದದ್ದು ಅದು. ಅದಕ್ಕೂ ಲಕ್ಷ ಇಲ್ಲ, ಆದರೆ ನೋಡಲು ಚಂದ. ನನ್ನ ಮೇಜಿನ ಮೇಲೆ ಈಗಲೂ ಒಂದು ಉಂಟು.

ಒಟ್ಟೆ ಮುಕ್ಕಾಲು 1943ರಿಂದ 47ರವರೆಗಿನದು. ಯುದ್ಧ ಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಮಾಡಿದರು. ಆಗ ಒಂದು ರೂಪಾಯಿಗೆ ಇವು 64. ಹದಿನಾರು ಆಣೆ, ಆಣೆಗೆ ನಾಲ್ಕು ಮುಕ್ಕಾಲು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದಾಗ ರೂಪಾಯಿಗೆ ನೂರು ಆಯಿತು. ನಮ್ಮ ಕಾಸರಗೋಡು ಮದ್ರಾಸಿನಿಂದ ಕೇರಳಕ್ಕೆ ಹೋದದ್ದು 1956ರ ನವೆಂಬರಿನಲ್ಲಿ. ಅಂದರೆ ಐದು ತಿಂಗಳ ಒಳಗೆ ನಮ್ಮ ಹಿರಿಯರಿಗೆ ರಾಜ್ಯವೂ ಬದಲು, ಚಿಲ್ಲರೆಯೂ ಬದಲು! ಸಂತೆಯಲ್ಲಿ ಎಷ್ಟು ಜಗಳ ಆಗಿರಬೇಡ.

ಒಂದು ಹಿಡಿ ಒಟ್ಟೆ ಮುಕ್ಕಾಲಿಗೆ ದೊಡ್ಡ ಬೆಲೆ ಏನೂ ಇಲ್ಲ. ತೂತಿಗೆ ದಾರ ಪೋಣಿಸಿ ಸರ ಮಾಡಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದರು, ಅದಕ್ಕೇ ಇಷ್ಟು ಉಳಿದದ್ದು.

ಹೊಸಂಗಡಿ ಆಚಾರಿ

ಬೆಳ್ಳಿ ರೂಪಾಯಿ ವಿಷಯ ನನಗೆ ಬಿಡಿ ಮಾಷ್ಟ್ರೇ.

ಬ್ರಿಟಿಷರ ಕಾಲದ ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ. ಮೊದಲಿನವರು ರೂಪಾಯಿ ತೂಕ ಅಂತಲೇ ಬಂಗಾರ ತೂಗುತ್ತಿದ್ದದ್ದು. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ತಲೆ ಇದ್ದರೆ ಬೆಳ್ಳಿ ನೂರಕ್ಕೆ 91.7. ಲೆಕ್ಕ ಹಾಕಿದರೆ ಹತ್ತೂ ಮುಕ್ಕಾಲು ಗ್ರಾಂಗೆ ಸ್ವಲ್ಪ ಕಮ್ಮಿ ಶುದ್ಧ ಬೆಳ್ಳಿ. ಆರನೇ ಜಾರ್ಜ್‌ನ 1940ರಿಂದ ಈಚೆಯದ್ದು ಅರ್ಧ ಬೆಳ್ಳಿ ಮಾತ್ರ, ಆರು ಗ್ರಾಂ ಕೂಡ ಇಲ್ಲ. 1947ರದ್ದು ನಿಕ್ಕಲ್, ಬೆಳ್ಳಿ ಅಂತ ತಂದು ಕೊಟ್ಟರೆ ನಾನು ನಗುವುದು ಬಿಟ್ಟು ಬೇರೇನೂ ಮಾಡಲಾರೆ.

ಅಂಗಡಿಗೆ ಬಂದರೆ ನಾನು ಮೊದಲು ನೋಡುವುದು ಅಂಚನ್ನು. ಉಗುರು ಅಡ್ಡ ಎಳೆದರೆ ಗೀರು ಗೀರು ಸಮನಾಗಿ ಸಿಗಬೇಕು. ಎರಕದ ನಕಲಿಯಲ್ಲಿ ನಡುವೆ ಒಂದು ಸಪೂರ ಜೋಡು ಗೆರೆ ಬೆರಳಿಗೆ ತಾಗುತ್ತದೆ. ಆಮೇಲೆ ತಕ್ಕಡಿ. ಸವೆದಿದ್ದರೆ 11.4, 11.5 ಬರಬಹುದು. ಹತ್ತಕ್ಕೆ ಇಳಿದರೆ ಸಂಶಯ. ಆಮೇಲೆ ಕಲ್ಲಿನ ಮೇಲೆ ಬಡಿದು ಶಬ್ದ ಕೇಳುವುದು. ಬೆಳ್ಳಿ 'ಣಿಂಯ್' ಅಂತ ಎಳೆಯುತ್ತದೆ, ಸೀಸ ಬೆರೆತದ್ದು 'ಟಕ್' ಅಂದು ಸುಮ್ಮನಾಗುತ್ತದೆ.

ನಿಮ್ಮ ಕೊಂಡಿ ಬೆಸೆದ ಎರಡು ರೂಪಾಯಿಯನ್ನು ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ. ಬೆಸುಗೆ ಬಿದ್ದ ನಾಣ್ಯ ಅವರಿಗೆ ಕಳಂಕ. ನಮಗೆ ತೂಕಕ್ಕೆ ಬರುತ್ತದೆ. ಉಳಿದ ಎರಡನ್ನು ಮೊದಲು ಮಾಷ್ಟ್ರಿಗೆ ತೋರಿಸಿ. ಅವರು ಬೇಡ ಅಂದರೆ ಮಾತ್ರ ನನ್ನ ಹತ್ತಿರ ಬನ್ನಿ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗಾಯಿತು, ಇರಲಿ.

ನಾಣ್ಯ ಮಾಷ್ಟ್ರು ನೀರ್ಚಾಲು

ಆಚಾರ್ರೇ, ನಿಮ್ಮಂಥವರು ಇನ್ನೂ ನಾಲ್ಕು ಮಂದಿ ಇರಬೇಕಿತ್ತು.

ಪೆರ್ಲದವರೇ, ಆ ಎರಡರಲ್ಲಿ 1911 ಇಸವಿ ಉಂಟಾ ನೋಡಿ. ಆ ವರ್ಷ ಐದನೇ ಜಾರ್ಜ್‌ನ ನಿಲುವಂಗಿಯ ಮೇಲೆ ಒಂದು ಆನೆ ಬಿಡಿಸಿದ್ದರು. ಸೊಂಡಿಲು ಮೋಟು, ನೋಡಿದವರಿಗೆ ಹಂದಿಯ ಹಾಗೆ ಕಂಡಿತು. ಮುಸ್ಲಿಮರಿಗೆ ಬೇಸರ, ದೊಡ್ಡ ಗಲಾಟೆ. 1912ರಲ್ಲಿ ಸೊಂಡಿಲು ತಿದ್ದಿ ಹೊಸ ಅಚ್ಚು ಮಾಡಿದರು. ಹಾಗಾಗಿ 1911ಕ್ಕೆ ಬೇಡಿಕೆ. 1939ರ ರೂಪಾಯಿಯೂ ಅಪರೂಪ, ಆದರೆ ಅದರ ನಕಲಿಯೇ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ. ದಯವಿಟ್ಟು ತೊಳೆಯಬೇಡಿ! ನಮ್ಮಲ್ಲಿ ಹಿತ್ತಾಳೆ, ತಾಮ್ರ ಕಂಡರೆ ಹುಣಸೆಹುಳಿಯೋ ಬಿಂಬುಳಿಯೋ ಹಾಕಿ ತಿಕ್ಕುವುದು ಅಭ್ಯಾಸ. ಕಾಲುದೀಪಕ್ಕೆ ಅದು ಸರಿ. ನಾಣ್ಯದ ಮೇಲಿನ ಕಪ್ಪು ಹೋದರೆ ಬೆಲೆಯೂ ಅದರೊಟ್ಟಿಗೆ ಹೋಗುತ್ತದೆ.

ಪೆರ್ಲದ ತೋಟ

ಅಮ್ಮ ನಿನ್ನೆಯೇ ಬಿಂಬುಳಿ ಕೊಯ್ದಿಟ್ಟಿದ್ದರು. ಓಡಿ ಹೋಗಿ ತಡೆದೆ. ಮಾಷ್ಟ್ರೇ, ಒಂದು ರೂಪಾಯಿ 1919, ಇನ್ನೊಂದು 1904.

ನಾಣ್ಯ ಮಾಷ್ಟ್ರು ನೀರ್ಚಾಲು

ಎರಡೂ ಸಾಮಾನ್ಯ ಇಸವಿಗಳೇ. ಸವೆಯದೆ ಚೂಪಾಗಿದ್ದರೆ ಬೆಳ್ಳಿ ಬೆಲೆಯ ಮೇಲೆ ಸ್ವಲ್ಪ ಸಿಗುತ್ತದೆ, ಸವೆದಿದ್ದರೆ ಬೆಳ್ಳಿ ಬೆಲೆಯೇ. ಒಂದು ಎಚ್ಚರಿಕೆ: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಗಲ್ಫಿಗೆ ಹೋಗುವ ಭಾವನ ಬ್ಯಾಗಿನಲ್ಲಿ 'ಅಲ್ಲಿ ಒಳ್ಳೆ ರೇಟ್ ಉಂಟಂತೆ' ಅಂತ ಇಟ್ಟು ಕಳಿಸಬೇಡಿ.

ದುಬೈ ಮೊಗ್ರಾಲ್

ಗಲ್ಫ್ ಅಂದಾಗ ನೆನಪಾಯ್ತು. ಎಲ್ಲರೂ ಬೆಳ್ಳಿ ಹಿಂದೆ ಬಿದ್ದಿದ್ದೀರಿ, ಆ ಹಸಿರು ನೂರರ ನೋಟನ್ನು ಯಾರೂ ಕೇಳಲಿಲ್ಲವಲ್ಲ! ಪೆರ್ಲದ ಅಣ್ಣ, ನಂಬರಿನ ಮೊದಲು ಝೆಡ್ ಅಕ್ಷರ ಉಂಟಾ?

ಪೆರ್ಲದ ತೋಟ

ಉಂಟು! ನಿಮಗೆ ಹೇಗೆ ಗೊತ್ತಾಯಿತು?

ದುಬೈ ಮೊಗ್ರಾಲ್

ಹಾಗಾದರೆ ಅದು ಗಲ್ಫ್ ರೂಪಾಯಿ. ಮೊದಲು ಕುವೈತ್, ಬಹರೈನ್, ಕತಾರ್, ಈಗಿನ ಯುಎಇ, ಒಮಾನ್ ಎಲ್ಲ ಕಡೆ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಚಿನ್ನದ ಕಳ್ಳಸಾಗಣೆಯಲ್ಲಿ ರೂಪಾಯಿ ಹೊರಗೆ ಹರಿಯುತ್ತಿತ್ತು, ಅದೇ ರೂಪಾಯಿ ತಿರುಗಿ ಬಂದಾಗ ಭಾರತ ವಿದೇಶಿ ವಿನಿಮಯ ಕೊಡಬೇಕಾಗುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೇ ಬೇರೆ ನೋಟು ಮಾಡಿತು. ಬಣ್ಣ ಬೇರೆ, ನಂಬರಿಗೆ ಝೆಡ್. ಭಾರತದ ಒಳಗೆ ಅದು ನಡೆಯುವುದಿಲ್ಲ. 1961ಕ್ಕೆ ಕುವೈತ್ ತನ್ನ ದಿನಾರ್ ತಂದಿತು, 1965ಕ್ಕೆ ಬಹರೈನ್. 1966ರ ಜೂನ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರ ರೂಪಾಯಿ ಅಪಮೌಲ್ಯ ಮಾಡಿದ ಮೇಲೆ ಕತಾರ್, ದುಬೈಯವರೂ ಬಿಟ್ಟರು. ಒಮಾನ್ ಮಾತ್ರ 1970ರವರೆಗೆ ಇಟ್ಟುಕೊಂಡಿತು.

ನಮ್ಮ ಮೊಗ್ರಾಲ್, ಉಪ್ಪಳ, ಚೆರ್ಕಳ ಕಡೆಯ ಹಳೇ ಮನೆಗಳಲ್ಲಿ ಹುಡುಕಿದರೆ ಇಂಥದ್ದು ಇನ್ನೂ ಸಿಗಬಹುದು. ಹಜ್ ಯಾತ್ರಿಕರಿಗೆ ಅಂತಲೇ ಬೇರೆ ನೋಟು ಬರುತ್ತಿತ್ತು, ಹತ್ತು ಮತ್ತು ನೂರು, ನಂಬರಿನ ಮೊದಲು ಎಚ್‌ಎ. ನಮ್ಮ ಬಾಪ್ಪನ ಹಳೇ ಕಾಗದಗಳನ್ನೆಲ್ಲ ಒಂದು ಸಲ ಗೆದ್ದಲು ಹಿಡಿದಿದೆ ಅಂತ ಸುಟ್ಟುಹಾಕಿದ್ದರು, ಅದರಲ್ಲಿ ಎಂತೆಂಥದ್ದು ಇತ್ತೋ.

ನಾಣ್ಯ ಮಾಷ್ಟ್ರು ನೀರ್ಚಾಲು

ಪೆರ್ಲದವರೇ, ಇಡೀ ಡಬ್ಬಿಯಲ್ಲಿ ನಿಜವಾಗಿ ಬೆಲೆ ಬಾಳುವುದು ಇದೊಂದೇ. ಮಡಿಸಬೇಡಿ, ಇಸ್ತ್ರಿ ಹಾಕಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಮೂಲೆ, ಮಡಿಕೆ, ಪಿನ್ನಿನ ತೂತು, ಶಾಯಿಯ ಗುರುತು, ಎಲ್ಲವೂ ಬೆಲೆ ಇಳಿಸುತ್ತದೆ. ಪರವಾನಗಿ ಇರುವ ಹರಾಜು ಸಂಸ್ಥೆಗಳು ಮುಂಬೈ, ಬೆಂಗಳೂರಿನಲ್ಲಿ ಉಂಟು. ಅಂಥದ್ದೇ ನೋಟು ಇದೇ ಸ್ಥಿತಿಯಲ್ಲಿ ಈಚೆಗೆ ಎಷ್ಟಕ್ಕೆ ಹೋಯಿತು ಅನ್ನುವುದನ್ನು ಅವರ ಹಳೇ ಹರಾಜಿನ ಪಟ್ಟಿಯಲ್ಲಿ ನೋಡಿ. ಮಾರುವವರು ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಆನ್‌ಲೈನ್‌ನಲ್ಲಿ ನಾನೂ ನನ್ನ ಹಳೇ ಕೊಡೆಗೆ ಹತ್ತು ಲಕ್ಷ ಅಂತ ಹಾಕಬಹುದು.

ಒಂದು ರೂಪಾಯಿಯ ಕಾಗದದ ನೋಟುಗಳಿಗೂ ಒಂದು ಮಜಾ ಉಂಟು. ಅದಕ್ಕೆ ಸಹಿ ರಿಸರ್ವ್ ಬ್ಯಾಂಕ್ ಗವರ್ನರ್‌ದ್ದಲ್ಲ, ಹಣಕಾಸು ಕಾರ್ಯದರ್ಶಿಯದ್ದು. 1957ರ ಒಂದು ರೂಪಾಯಿಗೆ ಸಹಿ ಹಾಕಿದ ಎಚ್.ಎಂ. ಪಟೇಲರೇ 1978ರಲ್ಲಿ ಹಣಕಾಸು ಮಂತ್ರಿಯಾಗಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟು ರದ್ದು ಮಾಡಿದರು. ಮನಮೋಹನ್ ಸಿಂಗ್ ಸಹಿ ಒಂದು ರೂಪಾಯಿಯ ಮೇಲೂ ಉಂಟು, ಆಮೇಲೆ ಗವರ್ನರ್ ಆದಾಗಿನ ದೊಡ್ಡ ನೋಟಿನ ಮೇಲೂ ಉಂಟು. ಒಂದು, ಎರಡು, ಐದರ ಕಾಗದದ ನೋಟು ಯಾವುದೂ ರದ್ದಾಗಿಲ್ಲ. 1990ರ ದಶಕದಲ್ಲಿ ಅಚ್ಚು ನಿಲ್ಲಿಸಿದರು, ಒಂದು ರೂಪಾಯಿಯದ್ದು 2015ಕ್ಕೆ ಮತ್ತೆ ಶುರು ಮಾಡಿದರು.

ಬೋವಿಕ್ಕಾನ ಟೀಚರ್

ನೋಟಿನ ವಿಷಯ ಬಂದಾಗ ನಾನು ಮಕ್ಕಳಿಗೆ ತೋರಿಸುವುದು ಹಿಂಬದಿಯ ಭಾಷೆಗಳ ಪಟ್ಟಿಯನ್ನು. ಅದರಲ್ಲಿ ಕನ್ನಡ ನಾಲ್ಕನೆಯದು, ಮಲಯಾಳ ಏಳನೆಯದು. ನಮ್ಮ ಊರಿನ ಬಸ್ ಬೋರ್ಡಿಗಿಂತ ನೋಟಿನಲ್ಲೇ ಕನ್ನಡದ ಸ್ಥಿತಿ ವಾಸಿ.

ಕ್ಯಾಷಿಯರ್ ಕುಂಬಳೆ

ಹಹ್ಹಾ, ಟೀಚರಮ್ಮ, ಪಟ್ಟಿ ಇರುವುದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ, ಅದರ ಪುಣ್ಯ.

ಉಪ್ಪಳದ ತಮ್ಮನಿಗೆ ಕತೆ ಹೇಳ್ತೇನೆ ಅಂದಿದ್ದೆ. ನಮ್ಮ ಓಣಿಯಲ್ಲೇ ಒಬ್ಬರು. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಇತ್ತು. 2012ರಲ್ಲಿ ಅದನ್ನು ಸರ್ಕಾರವೇ ಹೊರತಂದದ್ದು, ಬೇಕಾದಷ್ಟು ಉಂಟು. ವಿಡಿಯೋದಲ್ಲಿ ಇದ್ದ ನಂಬರಿಗೆ ಫೋಟೋ ಕಳಿಸಿದರು. ಆ ಕಡೆಯಿಂದ ಫೋನ್ ಬಂತು, 'ಅಭಿನಂದನೆ, ನಿಮ್ಮ ನಾಣ್ಯಕ್ಕೆ ಒಂಬತ್ತು ಲಕ್ಷ.' ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಪತ್ರವೂ ವಾಟ್ಸಾಪ್‌ನಲ್ಲಿ ಬಂತು. ಮೊದಲು ನೋಂದಣಿಗೆ ಸಾವಿರ ಚಿಲ್ಲರೆ. ಆಮೇಲೆ ಜಿಎಸ್‌ಟಿ. ಆಮೇಲೆ ದುಡ್ಡು ತರುವ ಗಾಡಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ಚೆಕ್‌ಪೋಸ್ಟಿನಲ್ಲಿ ನಿಂತಿದೆ, ಬಿಡಿಸಲು ಇಷ್ಟು. ತಲಪಾಡಿಯ ಹೆಸರು ಕೇಳಿದಾಗಲೇ ಅವರಿಗೆ ಪೂರ್ತಿ ನಂಬಿಕೆ ಬಂತಂತೆ! ಕಳ್ಳನಿಗೆ ನಮ್ಮ ಊರಿನ ನಕ್ಷೆ ಗೊತ್ತಿತ್ತು. ಮಗಳ ಫೀಸಿಗೆ ಇಟ್ಟ ದುಡ್ಡು ಹೋದ ಮೇಲೆ ಮನೆಯವರಿಗೆ ಹೇಳಿದರು.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಹಳೇ ನೋಟು, ನಾಣ್ಯದ ವ್ಯಾಪಾರ ಅವರು ಮಾಡುವುದಿಲ್ಲ, ಯಾರಿಂದಲೂ ಶುಲ್ಕ, ಕಮಿಷನ್ ಕೇಳುವುದಿಲ್ಲ, ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮಾರುವವನು ನೀನು, ದುಡ್ಡು ಕೊಡುವವನೂ ನೀನೇ ಅಂದರೆ ಅದು ಯಾವ ಸೀಮೆಯ ವ್ಯಾಪಾರ?

ಹೊಸಂಗಡಿ ಆಚಾರಿ

ರಾಮ, ಹನುಮಂತನ ಚಿತ್ರ ಇದ್ದು 1818 ಅಂತ ಬರೆದ ಈಸ್ಟ್ ಇಂಡಿಯಾ ಕಂಪೆನಿ ನಾಣ್ಯವೂ ಬರುತ್ತದೆ ಅಂಗಡಿಗೆ. ಕಂಪೆನಿ ಅಂಥದ್ದನ್ನು ಒತ್ತಿಯೇ ಇಲ್ಲ. ಅಕ್ಕಿ ಕಾಳನ್ನು ತನ್ನ ಕಡೆ ಎಳೆಯುವ ಚೊಂಬು, ನಾಣ್ಯ ಉಂಟು ಅಂತ ಮೋಸ ಮಾಡುವವರೂ ಅದೇ ಬಳಗ.

ಅಡಿಕೆ ಅಂಗಡಿ ಬದಿಯಡ್ಕ

ತೋಟ ಅಗೆಯುವಾಗ ನಿಜವಾದ ಹಳೇ ನಾಣ್ಯ ಸಿಕ್ಕಿದರೆ ಎಂತ ಮಾಡುವುದು? ಟಿಪ್ಪುವಿನ ಆನೆ ಕಾಸು ಒಮ್ಮೊಮ್ಮೆ ಸಿಗುತ್ತದೆ ಅಂತ ಕೇಳಿದ್ದೇನೆ.

ನಾಣ್ಯ ಮಾಷ್ಟ್ರು ನೀರ್ಚಾಲು

ಮಣ್ಣಿನಡಿ ಸಿಕ್ಕಿದ ನಿಧಿಗೆ 1878ರ ಕಾಯ್ದೆ ಇನ್ನೂ ಉಂಟು. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 2024ರ ಜುಲೈನಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಉದ್ಯೋಗ ಖಾತರಿಯ ಹೆಂಗಸರು ಮಳೆಗುಂಡಿ ತೋಡುವಾಗ ಚಿನ್ನದ ಒಡವೆ, ಬೆಳ್ಳಿ ನಾಣ್ಯ ಸಿಕ್ಕಿತು. ಮೊದಲು ಬಾಂಬ್ ಇರಬಹುದು ಅಂತ ಹೆದರಿದರಂತೆ. ಒಂದನ್ನೂ ಮುಚ್ಚಿಡದೆ ಪೊಲೀಸರಿಗೆ ಒಪ್ಪಿಸಿದರು.

ಪೆರ್ಲದ ತೋಟ

ಎಲ್ಲರಿಗೂ ದೊಡ್ಡ ಉಪಕಾರ. ಹಸಿರು ನೋಟನ್ನು ಅಪ್ಪ ಮಾರುವುದು ಬೇಡ ಅಂದರು, ಬ್ಯಾಂಕಿನ ಲಾಕರಿನಲ್ಲಿ ಇಡುತ್ತೇವೆ. 2000 ಅಂಚೆಯಲ್ಲಿ ಹೋಯಿತು. ಇನ್ನು ಮುಡಿಪಿನ ವಿಷಯ. ಅಮ್ಮನಿಗೆ ಅದೇ ಚಿಂತೆ. ರದ್ದಾದ ದುಡ್ಡನ್ನು ಹಾಗೇ ಹುಂಡಿಗೆ ಹಾಕುವುದು ಸರಿಯಾ?

ಬೋವಿಕ್ಕಾನ ಟೀಚರ್

ಬೇಡ ಅಣ್ಣ. 2016ರ ಗಡುವು ಮುಗಿದ ಮೇಲೂ ತಿರುಪತಿ ಹುಂಡಿಗೆ ಹಳೇ ನೋಟು ರಾಶಿ ಬೀಳುತ್ತಿತ್ತು. ಅದನ್ನು ಬದಲಿಸಲಾಗದೆ ದೇವಸ್ಥಾನದವರೇ ಕಷ್ಟಕ್ಕೆ ಬಿದ್ದರು. ನಮ್ಮ ಮನೆಯಲ್ಲಿ ಹಿರಿಯರು ಮಾಡಿದ್ದು ಹೀಗೆ: ಮುಖಬೆಲೆ ಎಣಿಸಿ, ಅಷ್ಟನ್ನು ಚಾಲ್ತಿ ದುಡ್ಡಿನಲ್ಲಿ ಕಟ್ಟಿ, ಮೇಲೆ ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಇಟ್ಟರು. 500ರ ಹದಿಮೂರನ್ನೂ ಲೆಕ್ಕಕ್ಕೆ ಸೇರಿಸಿ. ದೇವರಿಗೆ ಎಂದು ಇಟ್ಟಾಗ ಅದು ಒಳ್ಳೇ ದುಡ್ಡೇ ಆಗಿತ್ತಲ್ಲ.

ಹಾಗೇ ಒಂದು ಕೋರಿಕೆ. ಆ ಅಲ್ಯೂಮಿನಿಯಂ ಚಿಲ್ಲರೆಯಲ್ಲಿ ಸ್ವಲ್ಪ ಶಾಲೆಗೆ ಕೊಡುತ್ತೀರಾ? ನಾಲ್ಕನೇ ಕ್ಲಾಸಿನವರು ಪೈಸೆ ಲೆಕ್ಕ ಮಾಡುತ್ತಾರೆ, ಪೈಸೆ ಕಂಡವರು ಒಬ್ಬರೂ ಇಲ್ಲ.

ಪೆರ್ಲದ ತೋಟ

ಖಂಡಿತ ಟೀಚರ್, ಸೋಮವಾರ ತರುತ್ತೇನೆ. ಎಂಟಾಣೆ ಮಾತ್ರ ಒಂದು ಡಬ್ಬಿ ಉಳಿಯಿತು. ಅದು ನಡೆಯುವ ನಾಣ್ಯ ಅಂದಿರಲ್ಲ, ಎಲ್ಲಿ ನಡೆಸುವುದು?

ಕ್ಯಾಷಿಯರ್ ಕುಂಬಳೆ

ಕಾನೂನಿನಲ್ಲಿ ಎಂಟಾಣೆ ಒಂದು ಸಲಕ್ಕೆ ಹತ್ತು ರೂಪಾಯಿವರೆಗೆ, ಅಂದರೆ ಇಪ್ಪತ್ತು ನಾಣ್ಯದವರೆಗೆ ನಡೆಯುತ್ತದೆ. ಒಂದು ರೂಪಾಯಿ ಮತ್ತು ಮೇಲಿನ ನಾಣ್ಯ ಸಾವಿರದವರೆಗೆ. ಬ್ಯಾಂಕಿಗೆ ತಂದು ಖಾತೆಗೆ ಕಟ್ಟಿ. ನೂರು ನೂರರ ಪ್ಲಾಸ್ಟಿಕ್ ಪೊಟ್ಟಣ ಮಾಡಿ ತಂದರೆ ಕ್ಯಾಷಿಯರ್ ಮುಖ ಸ್ವಲ್ಪ ಕಮ್ಮಿ ಗಂಟು ಹಾಕುತ್ತಾನೆ.

ಮುಳ್ಳೇರಿಯ ಕಿರಾಣಿ

ನನಗೆ ಕೊಡಿ ಅಣ್ಣ. ಇಪ್ಪತ್ತು ಎಂಟಾಣೆಗೆ ಹತ್ತರ ನಾಣ್ಯ ಒಂದರಂತೆ ಕೊಡ್ತೇನೆ. ನಮ್ಮ ಈಚೆ ಕಡೆ ಹತ್ತರ ನಾಣ್ಯ ಸಲೀಸಾಗಿ ಹೋಗುತ್ತದೆ. ತಲಪಾಡಿ ದಾಟಿದ ಮೇಲೆ ಬಸ್ಸಿನ ಕಂಡಕ್ಟರ್ 'ಇದು ನಡೆಯುವುದಿಲ್ಲ' ಅಂದರೆ ಮಾತ್ರ ನನ್ನನ್ನು ಕೇಳಬೇಡಿ. 14440ಕ್ಕೆ ಮಿಸ್ಡ್ ಕಾಲ್ ಕೊಡಿ, ಹದಿನಾಲ್ಕು ವಿನ್ಯಾಸದ್ದೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕೇ ಅವನಿಗೆ ಹೇಳಲಿ.